ಬಂಡೆ ಹತ್ತುವ ಬೈಕಿಗೆ ರಸ್ತೆಯ ಹಕ್ಕು

ಬುಲೆಟ್ ಬರುತ್ತಿದೆ ಎಂದು ತಿಳಿಯಲು ನಮ್ಮ ಊರುಗಳಲ್ಲಿ ಯಾರೂ ತಿರುಗಿ ನೋಡಬೇಕಿಲ್ಲ, ಸದ್ದೇ ಸಾಕು. 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ ಈ ಬೈಕಿನ ತವರು ಇಂಗ್ಲೆಂಡಿನ ವೂಸ್ಟರ್‌ಶೈರ್ ಸೀಮೆಯ ರೆಡಿಚ್ ಪಟ್ಟಣ. ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಇದ್ದ ಹೊಸ ಬುಲೆಟ್ಟನ್ನು ರಾಯಲ್ ಎನ್‌ಫೀಲ್ಡ್ ಮೊದಲು ಜನರ ಮುಂದೆ ತಂದದ್ದು 1948ರ ಫೆಬ್ರವರಿಯಲ್ಲಿ, ಕೋಲ್ಮೋರ್ ಕಪ್ ಎಂಬ ಕೆಸರು ಕಲ್ಲುಗಳ ಸ್ಪರ್ಧೆಯಲ್ಲಿ. ಆ ಬಗೆಯ ಸ್ಪರ್ಧೆಗೆ ಟ್ರಯಲ್ಸ್ ಎಂದು ಹೆಸರು. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ಹಳ್ಳದ ಪಾತ್ರ, ಪಾಚಿಗಟ್ಟಿದ ಬಂಡೆ, ಬೇರು ಎದ್ದ ಏರು ಇವುಗಳ ನಡುವೆ ಗುರುತು ಹಾಕಿದ ಕಿರುದಾರಿಯನ್ನು ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ಅಂಕ ದಂಡ, ಎರಡು ಸಲಕ್ಕೆ ಎರಡು, ಮೂರು ಅಥವಾ ಅದಕ್ಕೂ ಹೆಚ್ಚು ಸಲಕ್ಕೆ ಮೂರು. ಬಿದ್ದರೆ ಅಥವಾ ಗಡಿ ದಾಟಿದರೆ ಐದು. ದಂಡ ಕಡಿಮೆ ಇದ್ದವರು ಗೆದ್ದರು. ಈ ಕಿರುದಾರಿಗೆ ಸೆಕ್ಷನ್ ಎನ್ನುತ್ತಾರೆ. ಒಂದು ಸೆಕ್ಷನ್ ಮುಗಿಸಿ ಮುಂದಿನದಕ್ಕೆ ಹೋಗುವಾಗ ಸವಾರ ಹಿಡಿಯುತ್ತಿದ್ದದ್ದು ಎಲ್ಲರೂ ಓಡಾಡುವ ಸಾರ್ವಜನಿಕ ರಸ್ತೆಯನ್ನೇ. ಹಾಗಾಗಿ ಬಂಡೆ ಹತ್ತುವ ಆ ಬೈಕಿಗೆ ನಂಬರ್ ಪ್ಲೇಟೂ ಇರುತ್ತಿತ್ತು.

ಈಗ ಬ್ರಿಟನ್ನಿನ ಎಷ್ಟೋ ಶೆಡ್ಡುಗಳಲ್ಲಿ ನಿಂತಿರುವ ಹಳೆಯ ಟ್ರಯಲ್ಸ್ ಬೈಕುಗಳಿಗೆ ಆ ಪ್ಲೇಟ್ ಇಲ್ಲ. 1960ರಿಂದ 1980ರ ದಶಕಗಳ ನಡುವೆ ತಯಾರಾದ ಸ್ಪೇನಿನ ಬುಲ್ಟಾಕೊ, ಮೊಂಟೆಸಾ, ಒಸ್ಸಾ, ಇಟಲಿಯ ಫ್ಯಾಂಟಿಕ್, ಜಪಾನಿನ ಯಮಹಾ ಟಿವೈ ಇವೆಲ್ಲ ಒಂದು ಕಾಲದಲ್ಲಿ ಹೆಸರು ಮಾಡಿದವು, ಇಂದು ಮತ್ತೆ ಬೇಡಿಕೆಯಲ್ಲಿರುವವು. ಎಂಜಿನ್ ಬಿಚ್ಚಿ ಜೋಡಿಸಿ, ಫ್ರೇಮಿಗೆ ಬಣ್ಣ ಹೊಡೆದು ನಿಲ್ಲಿಸಿದ ಮೇಲೆ ಮಾಲೀಕರ ಮುಂದೆ ಒಂದು ಪ್ರಶ್ನೆ ಬರುತ್ತದೆ. ಹೆಡ್‌ಲೈಟಾಗಲಿ ಇಂಡಿಕೇಟರಾಗಲಿ ಇಲ್ಲದ, ಕೆಲವೊಮ್ಮೆ ಸರಿಯಾದ ಸೀಟೂ ಇಲ್ಲದ, ಹುಟ್ಟಿದಂದಿನಿಂದ ಸರ್ಕಾರದ ಯಾವ ಕಡತದಲ್ಲೂ ಹೆಸರಿಲ್ಲದ ಇಂಥ ಗಾಡಿಯನ್ನು ರಸ್ತೆಗೆ ನೋಂದಾಯಿಸಲು ಬಿಡಬೇಕೇ? ಬ್ರಿಟನ್ ಬಿಡುತ್ತದೆ. ಗಾಡಿ ಯಾವುದು, ಎಷ್ಟು ಹಳೆಯದು ಎಂಬುದರಲ್ಲಿ ಅದು ಬಿಗಿ, ಗಾಡಿಗೆ ಏನೇನು ತಗುಲಿಸಿರಬೇಕು ಎಂಬುದರಲ್ಲಿ ಸಡಿಲ. ನಮ್ಮಲ್ಲಿ ಅನೇಕರಿಗೆ ಇದು ತಲೆಕೆಳಗಾದ ಕ್ರಮವೆನಿಸಬಹುದು. ಅದೇ ಸರಿಯಾದ ಕ್ರಮ ಎಂಬುದು ಈ ಲೇಖನದ ವಾದ.

ಮೊದಲಿಗೆ, ರಸ್ತೆಗೂ ಈ ಬೈಕಿಗೂ ಸಂಬಂಧವೇ ಇಲ್ಲ ಎಂಬ ಎಣಿಕೆ ತಪ್ಪು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರ್ ಸೈಕಲ್ ಇನ್ನೂ ಅನುಮಾನದ ವಸ್ತುವಾಗಿತ್ತು. ಬೆಲ್ಟ್ ಜಾರುತ್ತಿತ್ತು, ಏರು ಬಂದರೆ ಸವಾರ ಇಳಿದು ತಳ್ಳಬೇಕಾಗುತ್ತಿತ್ತು. ಯಂತ್ರ ದೂರದೂರಿಗೆ ಹೋಗಿ ಮುಟ್ಟೀತೇ ಎಂದು ಪರೀಕ್ಷಿಸಲು ಕ್ಲಬ್ಬುಗಳು ಓಟ ಏರ್ಪಡಿಸಿದವು, ಟ್ರಯಲ್ ಎಂಬ ಹೆಸರೇ ಅಲ್ಲಿಂದ ಬಂತು. 1901ರಲ್ಲಿ ಹುಟ್ಟಿದ ಮೋಟಾರ್ ಸೈಕ್ಲಿಂಗ್ ಕ್ಲಬ್ 1904ರಲ್ಲಿ ಎಡಿನ್‌ಬರೋ ಟ್ರಯಲ್, 1908ರಲ್ಲಿ ಲ್ಯಾಂಡ್ಸ್ ಎಂಡ್ ಟ್ರಯಲ್, 1910ರಲ್ಲಿ ಎಕ್ಸಿಟರ್ ಟ್ರಯಲ್ ಶುರುಮಾಡಿತು. ಸ್ಕಾಟ್ಲೆಂಡಿನ ಸಿಕ್ಸ್ ಡೇಸ್ ಟ್ರಯಲ್ಲಿನ ಬೇರು 1909ರಲ್ಲಿದೆ. ಆ ಕಾಲದ ಗುಡ್ಡಗಾಡಿನ ರಸ್ತೆ ಎಂದರೆ ಕಲ್ಲು, ಕೆಸರು, ಅಡ್ಡ ಹರಿಯುವ ತೊರೆ. ನಮ್ಮ ಮಲೆನಾಡಿನ ಹಳೆಯ ಗಾಡಿದಾರಿಗಳನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ರಸ್ತೆಯೇ ಪರೀಕ್ಷೆಯಾಗಿತ್ತು. ಮುಂದೆ ಒಂದೊಂದೇ ರಸ್ತೆಗೆ ಟಾರು ಬಿತ್ತು, ಬೈಕುಗಳ ಬಲವೂ ಹೆಚ್ಚಿತು, ರಸ್ತೆ ಕಷ್ಟವೆನಿಸದಾಯಿತು. ಆಗ ಸಂಘಟಕರು ಕಷ್ಟವನ್ನು ಹುಡುಕಿಕೊಂಡು ಪಕ್ಕದ ಹಳ್ಳಕ್ಕೆ ಇಳಿದರು. ಹಳ್ಳದಿಂದ ಹಳ್ಳಕ್ಕೆ ಹೋಗುವ ದಾರಿ ಮಾತ್ರ ರಸ್ತೆಯೇ ಆಗಿ ಉಳಿಯಿತು. ಇಂದಿಗೂ ಫೋರ್ಟ್ ವಿಲಿಯಂ ಪಟ್ಟಣದಿಂದ ಹೊರಡುವ ಸಿಕ್ಸ್ ಡೇಸ್ ಸ್ಪರ್ಧಿಗಳು ಸಾರ್ವಜನಿಕ ರಸ್ತೆಯಲ್ಲಿ ಮೈಲಿಗಟ್ಟಲೆ ಸಾಗುತ್ತಾರೆ. ಅವರ ಬೈಕಿಗೆ ನೋಂದಣಿ, ವಿಮೆ ಇರಲೇಬೇಕು.

ಈ ಸಂಬಂಧಕ್ಕೆ ಹಳೆಯ ನಂಬರುಗಳೇ ಸಾಕ್ಷಿ. ಜಾನಿ ಬ್ರಿಟೇನ್ 1952 ಮತ್ತು 1957ರಲ್ಲಿ ರಾಯಲ್ ಎನ್‌ಫೀಲ್ಡ್ ಸವಾರಿ ಮಾಡಿ ಸಿಕ್ಸ್ ಡೇಸ್ ಗೆದ್ದರು, ಅವರ ಹೆಸರಿನೊಂದಿಗೆ ಸೇರಿಹೋದ ಟ್ರಯಲ್ಸ್ ಬುಲೆಟ್ಟಿನ ನಂಬರು ಎಚ್‌ಎನ್‌ಪಿ 331. ಕೆಎ 09 ಎಂದರೆ ಮೈಸೂರು, ಕೆಎ 19 ಎಂದರೆ ಮಂಗಳೂರು ಎಂದು ನಾವು ಓದಿಕೊಳ್ಳುವಂತೆ ಅಂದಿನ ಬ್ರಿಟಿಷ್ ನಂಬರಿನಲ್ಲೂ ಊರು ಅಡಗಿತ್ತು. ಎನ್‌ಪಿ ಎಂದರೆ ವೂಸ್ಟರ್‌ಶೈರ್, ಅಂದರೆ ರೆಡಿಚ್ ಕಾರ್ಖಾನೆಯ ಸೀಮೆ. ಸ್ಯಾಮಿ ಮಿಲ್ಲರ್ 1964ರಲ್ಲಿ ಸಿಕ್ಸ್ ಡೇಸ್ ಗೆದ್ದಾಗ ಓಡಿಸಿದ 500 ಸಿಸಿ ಏರಿಯಲ್ಲಿನ ನಂಬರು ಜಿಓವಿ 132. ಓವಿ ಎಂದರೆ ಬರ್ಮಿಂಗ್‌ಹ್ಯಾಮ್, ಏರಿಯಲ್ ತಯಾರಾಗುತ್ತಿದ್ದ ಊರು. ಮರುವರ್ಷ ಅದೇ ಮಿಲ್ಲರ್ ಸ್ಪೇನಿನ ಬುಲ್ಟಾಕೊ ಶೆರ್ಪಾ ಹತ್ತಿ ಮತ್ತೆ ಗೆದ್ದಾಗ ಭಾರದ ಫೋರ್‌ಸ್ಟ್ರೋಕ್ ಬೈಕುಗಳ ಯುಗಕ್ಕೆ ತೆರೆಬಿತ್ತು. ಆ ಬುಲ್ಟಾಕೊದ ನಂಬರು 669 ಎನ್‌ಎಚ್‌ಓ, ಅದರಲ್ಲಿನ ಎಚ್‌ಓ ಮಿಲ್ಲರ್ ನೆಲೆಸಿದ್ದ ಹ್ಯಾಂಪ್‌ಶೈರ್ ಸೀಮೆಯದು. ಬಾರ್ಸಿಲೋನಾದ ಬಳಿ ಹುಟ್ಟಿದ ಯಂತ್ರ ಇಂಗ್ಲೆಂಡಿನ ದಕ್ಷಿಣ ತೀರದ ವಿಳಾಸ ಹೊತ್ತು ಸ್ಕಾಟ್ಲೆಂಡಿನ ಬಂಡೆ ಹತ್ತಿತು. ಟ್ರಯಲ್ಸ್ ಪ್ರಿಯರು ಇಂದಿಗೂ ಈ ಬೈಕುಗಳನ್ನು ಮಾದರಿಯ ಹೆಸರಿನಿಂದ ಕರೆಯುವುದಕ್ಕಿಂತ ಹೆಚ್ಚಾಗಿ ನಂಬರಿನಿಂದಲೇ ಕರೆಯುತ್ತಾರೆ.

ಹಾಗಿದ್ದರೆ ಉಳಿದವುಗಳ ನಂಬರು ಎಲ್ಲಿ ಹೋಯಿತು? ಬಹಳಷ್ಟು ಬೈಕುಗಳಿಗೆ ಅದು ಸಿಗಲೇ ಇಲ್ಲ. ರೈತರ ಹೊಲ, ಕಾಡಿನಂಚು ಹೀಗೆ ಖಾಸಗಿ ಜಮೀನಿನ ಒಳಗೇ ಮುಗಿಯುವ ಸಣ್ಣ ಸ್ಪರ್ಧೆಗಳು ಹೆಚ್ಚಿದಂತೆ, ಬೈಕನ್ನು ಟ್ರೇಲರಿನಲ್ಲಿ ತಂದು ಆಡಿ ಮರಳಿ ಒಯ್ಯುವವರು ನೋಂದಣಿಯ ಗೊಡವೆಗೇ ಹೋಗಲಿಲ್ಲ. ತೆರಿಗೆಯೂ ಇಲ್ಲ, ವಿಮೆಯೂ ಇಲ್ಲ. ಸ್ಪೇನ್, ಅಮೆರಿಕಗಳಿಂದ ಈಚೆಗೆ ತರಿಸಿಕೊಂಡ ಬೈಕುಗಳಿಗೆ ಬ್ರಿಟಿಷ್ ನಂಬರು ಇರುವ ಪ್ರಶ್ನೆಯೇ ಇಲ್ಲ. ಮತ್ತೊಂದು ಗುಂಪಿನ ಕತೆ ಬೇಸರ ತರಿಸುವಂಥದ್ದು. ಹಿಂದೆ ನೋಂದಣಿ ನಡೆಯುತ್ತಿದ್ದದ್ದು ಸ್ಥಳೀಯ ಆಡಳಿತಗಳ ಕಚೇರಿಗಳಲ್ಲಿ, ದಪ್ಪ ಲೆಡ್ಜರುಗಳಲ್ಲಿ. 1970ರ ದಶಕದಲ್ಲಿ ವೇಲ್ಸಿನ ಸ್ವಾನ್ಸಿ ನಗರದಲ್ಲಿ ಕೇಂದ್ರ ಕಂಪ್ಯೂಟರ್ ದಾಖಲೆ ಆರಂಭವಾಯಿತು. ಹಳೆಯ ಲಾಗ್‌ಬುಕ್ ಇದ್ದವರು 1983ರ ನವೆಂಬರ್ ಕೊನೆಯೊಳಗೆ ಅದರಲ್ಲಿ ಹೆಸರು ಸೇರಿಸಿಕೊಳ್ಳಬೇಕಿತ್ತು. ಶೆಡ್ಡಿನಲ್ಲಿ ಮರೆತುಹೋಗಿದ್ದ ಬೈಕು ಆ ಗಡುವಿಗೆ ಎದ್ದು ಬರಲಿಲ್ಲ. ನಂಬರ್ ಪ್ಲೇಟ್ ತಗಡಿನ ಮೇಲೆ ಉಳಿಯಿತು, ಕಡತದಲ್ಲಿ ಅಳಿಯಿತು. ಅಂಥವರಿಗೆ ಮೂಲ ನಂಬರನ್ನೇ ಮರಳಿ ಕೊಡಿಸುವ ವಿ765 ಎಂಬ ಪ್ರತ್ಯೇಕ ದಾರಿಯಿದೆ. ಹಳೆಯ ಲಾಗ್‌ಬುಕ್ಕನ್ನೋ ಅಂಥದೇ ಬೇರೆ ದಾಖಲೆಯನ್ನೋ ಮಾನ್ಯ ಕ್ಲಬ್ಬೊಂದು ನೋಡಿ ದೃಢೀಕರಿಸಬೇಕು. ಹಾಗೆ ಮರಳಿ ಬಂದ ನಂಬರನ್ನು ಬೇರೆ ಗಾಡಿಗೆ ವರ್ಗಾಯಿಸುವಂತಿಲ್ಲ. ಬ್ರಿಟನ್ನಿನಲ್ಲಿ ಚಂದದ ಹಳೆಯ ನಂಬರುಗಳಿಗೆ ದೊಡ್ಡ ಮಾರುಕಟ್ಟೆ ಇರುವುದರಿಂದ, ಗುಜರಿ ಬೈಕಿನ ನೆಪದಲ್ಲಿ ನಂಬರು ಮಾರಿಕೊಳ್ಳುವವರನ್ನು ತಡೆಯಲು ಈ ಷರತ್ತು ಬೇಕೇ ಬೇಕು.

ಇನ್ನು ಬಿಗಿಯ ವಿಷಯ. ಮೋಟಾರ್ ಸೈಕಲ್ಲಿನ ಗುರುತು ಇರುವುದು ಎಂಜಿನ್ನಿನಲ್ಲಲ್ಲ, ಫ್ರೇಮಿನಲ್ಲಿ. ನಮ್ಮ ಆರ್‌ಟಿಓ ಕಚೇರಿಯ ಮುಂದೆ ಏಜೆಂಟರು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವುದನ್ನು ನೋಡಿದ್ದೇವೆ. ಬ್ರಿಟನ್ನಿನ ಹಳೆಯ ಬೈಕಿನವರೂ ಮಾಡುವುದು ಅದನ್ನೇ. ಹಾಗೆ ತೆಗೆದ ಪ್ರಿಂಟನ್ನು, ಬೈಕಿನ ಎರಡೂ ಬದಿಯ ಫೋಟೋಗಳನ್ನು ಆ ಕಂಪನಿಯ ಬೈಕುಗಳ ಬಗ್ಗೆ ತಿಳಿವಳಿಕೆಯಿರುವ ಕ್ಲಬ್ಬಿಗೆ ಕಳಿಸುತ್ತಾರೆ. 1946ರಲ್ಲಿ ಸ್ಥಾಪನೆಯಾದ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬಿನಂಥ ಸಂಸ್ಥೆಗಳು ಕಾರ್ಖಾನೆಯ ದಾಖಲೆ, ಹಳೆಯ ಕ್ಯಾಟಲಾಗು, ನಂಬರುಗಳ ಪಟ್ಟಿ ಇವನ್ನೆಲ್ಲ ಕಾಪಾಡಿಕೊಂಡಿವೆ. ಬುಲ್ಟಾಕೊ ಬೈಕುಗಳನ್ನು ಗುರುತಿಸುವುದು ಇದರಲ್ಲಿ ಸುಲಭ, ಏಕೆಂದರೆ ಪ್ರತಿ ಮಾದರಿಗೂ ಒಂದು ಸಂಖ್ಯೆಯಿತ್ತು. ಮೊದಲ ಶೆರ್ಪಾ ಟಿ ಮಾದರಿ ಸಂಖ್ಯೆ 10, ಕೊನೆಕೊನೆಯದು 199. ಕಾರ್ಖಾನೆಯಿಂದ ಹೊರಡುವಾಗ ಫ್ರೇಮ್ ಮತ್ತು ಎಂಜಿನ್ ಒಂದೇ ನಂಬರು ಹೊತ್ತಿರುತ್ತಿದ್ದವು. ಎರಡೂ ತಾಳೆಯಾದರೆ ಆ ಬೈಕು ಬಹುತೇಕ ಮೂಲದ್ದೇ ಎಂದು ನಂಬಬಹುದು. ತಾಳೆಯಾಗದಿದ್ದರೆ ಯಾವಾಗಲೋ ಎಂಜಿನ್ ಬದಲಾಗಿದೆ ಎಂದು ಅರ್ಥ, ಅದು ಅಪರಾಧವೇನಲ್ಲ, ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು ಅಷ್ಟೆ. ಬುಲ್ಟಾಕೊ ಕಾರ್ಖಾನೆ 1980ರ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಪತ್ರ ಬರೆದು ಕೇಳೋಣವೆಂದರೆ ಉತ್ತರಿಸುವವರಿಲ್ಲ. ಆದ್ದರಿಂದಲೇ ಈ ಕ್ಲಬ್ಬುಗಳು ಕೊಡುವ ತಯಾರಿಕಾ ವರ್ಷದ ಪ್ರಮಾಣಪತ್ರಕ್ಕೆ ಅಷ್ಟು ಬೆಲೆ.

ಈ ಪ್ರಮಾಣಪತ್ರ ಸಿಕ್ಕಿತೆಂದರೆ ಉಳಿದದ್ದು ತಾಳ್ಮೆಯ ಕೆಲಸ. ಹೊರದೇಶದಿಂದ ತಂದ ಬೈಕಾದರೆ ಬಂದ 14 ದಿನಗಳೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು. ನೋವಾ ಎಂಬ ಈ ವ್ಯವಸ್ಥೆ 2013ರಿಂದ ಜಾರಿಯಲ್ಲಿದೆ. ಮೂವತ್ತು ವರ್ಷ ಮೀರಿದ, ಮೂಲ ಸ್ಥಿತಿಯಲ್ಲಿರುವ, ಈಗ ತಯಾರಾಗದ ಮಾದರಿಯನ್ನು ಸಂಗ್ರಾಹಕರ ವಸ್ತುವೆಂದು ಒಪ್ಪಿದರೆ ವ್ಯಾಟ್ ಶೇಕಡಾ 5 ಮಾತ್ರ. ನಂಬರು ಇನ್ನೂ ಬಾರದ ಬೈಕಿಗೆ ಫ್ರೇಮ್ ನಂಬರಿನ ಮೇಲೆ ವಿಮೆ ಮಾಡಿಸಬೇಕು, ಹಳೆಯ ಬೈಕುಗಳ ವಿಮೆ ಮಾಡುವವರಿಗೆ ಇದು ಗೊತ್ತಿರುವ ಸಂಗತಿಯೇ. ಬಳಿಕ ವಿ55/5 ಎಂಬ ಫಾರಂ ತುಂಬಿ, 55 ಪೌಂಡ್ ಶುಲ್ಕದೊಂದಿಗೆ, ಗುರುತಿನ ಮತ್ತು ವಿಳಾಸದ ಪುರಾವೆ ಲಗತ್ತಿಸಿ ಸ್ವಾನ್ಸಿಯಲ್ಲಿರುವ ವಾಹನ ನೋಂದಣಿ ಕಚೇರಿ ಡಿವಿಎಲ್‌ಎಗೆ ಅಂಚೆಯಲ್ಲಿ ಕಳಿಸಬೇಕು. ಎಲ್ಲ ಸರಿಯಿದ್ದರೆ ನಮ್ಮ ಆರ್‌ಸಿಗೆ ಸಮನಾದ ವಿ5ಸಿ ಮನೆಗೆ ಬರುತ್ತದೆ. ಅದರಲ್ಲಿರುವ ನಂಬರು ಬೈಕಿನ ವಯಸ್ಸಿಗೆ ತಕ್ಕದ್ದು. 1974ರ ಆಗಸ್ಟಿನಿಂದ 1975ರ ಜುಲೈವರೆಗಿನ ಗಾಡಿಗೆ ಕೊನೆಯಲ್ಲಿ ಎನ್ ಅಕ್ಷರ, ಮುಂದಿನ ವರ್ಷದ್ದಕ್ಕೆ ಪಿ. ಐವತ್ತು ವರ್ಷ ತಡವಾಗಿ ನೋಂದಣಿಯಾದರೂ ಬೈಕು ತನ್ನ ವಯಸ್ಸಿನದೇ ಅಕ್ಷರ ಪಡೆಯುತ್ತದೆ. ನಲವತ್ತು ವರ್ಷ ಮೀರಿದ್ದರೆ ಅದು ಐತಿಹಾಸಿಕ ವಾಹನದ ವರ್ಗಕ್ಕೆ ಸೇರುವುದರಿಂದ ರಸ್ತೆ ತೆರಿಗೆಯೂ ಇಲ್ಲ.

ಗುರುತು ಸಾಬೀತಾಗದಿದ್ದರೆ ಏನಾಗುತ್ತದೆ ಎಂಬುದನ್ನು ನೋಡಿದಾಗ ಈ ಕ್ರಮದ ಹಿಂದಿರುವ ತರ್ಕ ಸ್ಪಷ್ಟವಾಗುತ್ತದೆ. ವಯಸ್ಸು ಅಥವಾ ಮೂಲ ಅನುಮಾನಾಸ್ಪದವಾದ ಗಾಡಿಗೆ 1983ರಿಂದ ಕ್ಯೂ ಅಕ್ಷರದಿಂದ ಶುರುವಾಗುವ ನಂಬರು ಕೊಡುತ್ತಾರೆ, ಅದಕ್ಕೂ ಮುಂಚೆ ಆ ಗಾಡಿ ವಾಹನ ಅನುಮೋದನೆಯ ಪರೀಕ್ಷೆ ದಾಟಬೇಕು. ಮೋಟಾರ್ ಸೈಕಲ್ಲಿಗೆ ಆ ಪರೀಕ್ಷೆಯ ಹೆಸರು ಎಂಎಸ್‌ವಿಎ. ಹತ್ತು ವರ್ಷದೊಳಗಿನ, ಕಂಪನಿಯೇ ರಸ್ತೆಗೆಂದು ಅನುಮೋದನೆ ಪಡೆಯದ ಬೈಕುಗಳೂ ಇದನ್ನು ದಾಟಲೇಬೇಕು. ದೀಪ, ಕನ್ನಡಿ, ಶಬ್ದ, ಹೊಗೆ ಹೀಗೆ ಇಂದಿನ ಮಾನದಂಡದ ಅಳತೆಗೋಲು ಅಲ್ಲಿ ಎದುರಾಗುತ್ತದೆ. ಬರಿಮೈಯ ಟ್ರಯಲ್ಸ್ ಬೈಕಿಗೆ ಅದನ್ನು ದಾಟುವುದು ಸುಲಭವಲ್ಲ. ಹತ್ತು ವರ್ಷ ಮೀರಿದ, ವಯಸ್ಸು ಸಾಬೀತಾದ ಬೈಕಿಗೆ ಆ ಪರೀಕ್ಷೆಯಿಲ್ಲ. ಹೀಗಾಗಿ ಸಲಕರಣೆಯ ವಿಷಯದಲ್ಲಿ ಸಿಗುವ ಸಡಿಲಿಕೆ ಸುಮ್ಮನೆ ಬಂದ ಔದಾರ್ಯವಲ್ಲ, ವಯಸ್ಸನ್ನು ಸಾಬೀತು ಮಾಡಿದವರು ಗಳಿಸಿಕೊಂಡದ್ದು. ಗುರುತಿನ ಬಿಗಿ ಸಡಿಲವಾದ ದಿನ ಸಲಕರಣೆಯ ಸಡಿಲಿಕೆಗೂ ಅರ್ಥವಿರುವುದಿಲ್ಲ. ನಿನ್ನೆ ಬೆಸುಗೆ ಹಾಕಿದ ಫ್ರೇಮನ್ನು 1975ರದ್ದೆಂದು ತೋರಿಸಿ ಯಾರು ಬೇಕಾದರೂ ಒಳನುಗ್ಗಬಹುದು.

ಆ ಸಡಿಲಿಕೆ ಎಷ್ಟರದ್ದು? ಬ್ರಿಟನ್ನಿನ ವಾಹನ ದೀಪಗಳ 1989ರ ನಿಯಮಾವಳಿಯಲ್ಲಿ ಒಂದು ಮುಖ್ಯ ಮಾತಿದೆ. ಮುಂದಾಗಲಿ ಹಿಂದಾಗಲಿ ಪೊಸಿಷನ್ ಲೈಟ್ ಇಲ್ಲದ ವಾಹನಕ್ಕೆ ಸೂರ್ಯೋದಯ ಮತ್ತು ಸೂರ್ಯಾಸ್ತದ ನಡುವೆ ಯಾವ ದೀಪವೂ ಕಡ್ಡಾಯವಲ್ಲ. ಇದನ್ನು ಆಧರಿಸಿ ವಾರ್ಷಿಕ ತಪಾಸಣೆಯಾದ ಎಂಓಟಿಯಲ್ಲಿ ದೀಪವಿಲ್ಲದ ಬೈಕನ್ನೂ ಪಾಸು ಮಾಡುತ್ತಾರೆ, ಹಗಲು ಬೆಳಕಿನಲ್ಲಿ ಮಾತ್ರ ಬಳಸಬೇಕು, ಮಂಜು ಕವಿದಂಥ ಹೊತ್ತಿನಲ್ಲಿ ಬಳಸಬಾರದು ಎಂಬ ಟಿಪ್ಪಣಿ ಸೇರಿಸುತ್ತಾರೆ. ಸವಾರರ ಬಾಯಲ್ಲಿ ಇದು ಹಗಲು ಎಂಓಟಿ. 1986ರ ಆಗಸ್ಟಿಗಿಂತ ಮುಂಚಿನ ಬೈಕಿಗೆ ಇಂಡಿಕೇಟರ್ ಬೇಕಿಲ್ಲ. ಬ್ರೇಕು ಮಾತ್ರ ಮುಂದೆಯೂ ಹಿಂದೆಯೂ ಸರಿಯಾಗಿ ಹಿಡಿಯಬೇಕು, ಹಾರನ್ ಕೂಗಬೇಕು, ಹ್ಯಾಂಡಲ್ ಮತ್ತು ಚಕ್ರಗಳ ಬೇರಿಂಗಿನಲ್ಲಿ ಸಡಿಲವಿರಬಾರದು, ಫೋರ್ಕಿನಲ್ಲಿ ಎಣ್ಣೆ ಸೋರಬಾರದು. ಹೆದ್ದಾರಿಗಲ್ಲ ಎಂದು ಅಚ್ಚೊತ್ತಿದ ಟೈರು, ರಸ್ತೆಗಲ್ಲ ಎಂದು ಬರೆದ ಸೈಲೆನ್ಸರ್ ಇದ್ದರೆ ಬೈಕು ವಾಪಸ್. ಮತ್ತೊಂದು ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ. 100 ಸಿಸಿ ಮೀರಿದ ಬೈಕಿಗೆ ಸ್ಪೀಡೋಮೀಟರ್ ಇರಬೇಕೆಂದು ಕಾನೂನಿದೆ, ಆದರೆ ಎಂಓಟಿಯಲ್ಲಿ ಅದನ್ನು ನೋಡುವುದಿಲ್ಲ. ತಪಾಸಣೆ ಪಾಸಾದ ಮಾತ್ರಕ್ಕೆ ಬೈಕಿನಲ್ಲಿ ಎಲ್ಲವೂ ಕಾನೂನಿನ ಪ್ರಕಾರವೇ ಇದೆ ಎಂದು ನೆಮ್ಮದಿಯಾಗಿರುವಂತಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಸುರಕ್ಷತೆಯದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ದೀಪವಿಲ್ಲದ ಗಾಡಿ ಲಾರಿ ಬಸ್ಸುಗಳ ನಡುವೆ ಹೋಗುವುದು ಸವಾರನಿಗೂ ಇತರರಿಗೂ ಅಪಾಯವಲ್ಲವೇ? ಅಪಾಯದ ಪ್ರಮಾಣ ಅಳೆಯುವಾಗ ಆ ಬೈಕು ಎಂಥದ್ದು ಎಂಬುದನ್ನೂ ನೋಡಬೇಕು. ಶೆರ್ಪಾದಂಥ ಬೈಕಿನ ತೂಕ ತೊಂಬತ್ತು ಕಿಲೋ ಆಸುಪಾಸು. ನಡಿಗೆಯ ವೇಗದಲ್ಲಿ ಬಂಡೆ ಹತ್ತಲೆಂದು ಗೇರು ಜೋಡಿಸಿದ ಯಂತ್ರವದು, ಹೆದ್ದಾರಿಯಲ್ಲಿ ಅದನ್ನು ಓಡಿಸಿ ಸುಖಪಡುವವರು ಯಾರೂ ಇಲ್ಲ. ಅದು ಓಡಾಡುವುದು ಹಳ್ಳಿಯ ರಸ್ತೆಯಲ್ಲಿ, ಹಗಲಿನಲ್ಲಿ, ಕೆಲವೇ ಮೈಲಿ. ಅರೆಬರೆ ದೀಪಕ್ಕಿಂತ ದೀಪವಿಲ್ಲದಿರುವುದೇ ಮೇಲು ಎಂಬ ಆ ನಿಯಮದ ವಿವೇಕವೂ ಗಮನಿಸತಕ್ಕದ್ದು. ದೀಪ ತಗುಲಿಸಿದ್ದರೆ ಅದು ಉರಿಯಲೇಬೇಕು, ಉರಿಯದಿದ್ದರೆ ಬೈಕು ಫೇಲು. ತೋರಿಕೆಗೆ ಸಣ್ಣ ಬಲ್ಬೊಂದನ್ನು ಕಟ್ಟಿಕೊಂಡು ಕತ್ತಲಲ್ಲಿ ಹೊರಡುವವರಿಗೆ ಇಲ್ಲಿ ಅವಕಾಶವಿಲ್ಲ. ರಾತ್ರಿಯಿಡೀ ನಡೆಯುವ ಲ್ಯಾಂಡ್ಸ್ ಎಂಡ್ ಟ್ರಯಲ್ಲಿಗೆ ಹೋಗಬೇಕಾದವರು ದೀಪಗಳನ್ನೆಲ್ಲ ಸರಿಯಾಗಿ ಅಳವಡಿಸಿಕೊಂಡೇ ಹೋಗಬೇಕು. ಸುರಕ್ಷತೆಯ ದೃಷ್ಟಿಯಿಂದ ನನಗೆ ನಿಜವಾಗಿ ಅಳುಕು ಇರುವುದು ಬೇರೆ ಕಡೆ. 2018ರ ಮೇ ತಿಂಗಳಿಂದ, ಗಣನೀಯ ಮಾರ್ಪಾಡಾಗದ ನಲವತ್ತು ವರ್ಷ ಮೀರಿದ ವಾಹನಗಳಿಗೆ ಎಂಓಟಿಯೇ ಬೇಡವೆಂದು ವಿನಾಯಿತಿ ಕೊಟ್ಟಿದ್ದಾರೆ. ದೀಪದ ವಿನಾಯಿತಿಗೆ ಕಾರಣವಿದೆ, ಬ್ರೇಕಿನ ತಪಾಸಣೆಗೆ ವಿನಾಯಿತಿ ಕೊಡಲು ನನಗೆ ಕಾರಣ ಕಾಣುತ್ತಿಲ್ಲ. ಹಳೆಯ ಡ್ರಮ್ ಬ್ರೇಕಿನೊಳಗೆ ಹಳ್ಳದ ನೀರು, ಮರಳು ಸೇರುವ ಟ್ರಯಲ್ಸ್ ಬೈಕಿಗಂತೂ ವರ್ಷಕ್ಕೊಮ್ಮೆ ಇನ್ನೊಬ್ಬರ ಕಣ್ಣು ಬೀಳಲೇಬೇಕು. ಕಾನೂನು ಕೇಳದಿದ್ದರೂ ಸ್ವಂತ ಇಚ್ಛೆಯಿಂದ ಎಂಓಟಿ ಮಾಡಿಸುವ ಮಾಲೀಕರದೇ ಸರಿಯಾದ ದಾರಿ.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ. ಮೂವತ್ತು ವರ್ಷ ಮೂಲೆಯಲ್ಲಿದ್ದ ಬೈಕಿನ ಮಾಲೀಕ ರಸೀದಿ, ಪ್ರಮಾಣಪತ್ರ ಎಲ್ಲಿಂದ ತರಬೇಕು? ಇಷ್ಟು ಬಿಗಿ ಮಾಡಿದರೆ ಪ್ರಾಮಾಣಿಕರಿಗೇ ತೊಂದರೆ ಎನ್ನುವವರಿದ್ದಾರೆ. ತೊಂದರೆ ಇರುವುದು ನಿಜ. ಸ್ಪರ್ಧೆಯ ಬೈಕಿನ ಫ್ರೇಮ್ ಮುರಿಯುತ್ತದೆ, ಮತ್ತೊಂದರದ್ದನ್ನು ಹಾಕುತ್ತಾರೆ, ನಂಬರಿದ್ದ ಜಾಗದ ಮೇಲೆಯೇ ಬೆಸುಗೆ ಬೀಳುತ್ತದೆ. ಆದರೆ ಟ್ರಯಲ್ಸ್ ಬೈಕಿನಷ್ಟು ಸುಲಭವಾಗಿ ಕದಿಯಬಹುದಾದ ವಾಹನ ಕಡಿಮೆ ಎಂಬುದನ್ನು ನೆನಪಿಡಬೇಕು. ಇಬ್ಬರು ಎತ್ತಿ ವ್ಯಾನಿಗೆ ಹಾಕಿಕೊಂಡರೆ ಆಯಿತು, ನಂಬರ್ ಪ್ಲೇಟೂ ಇಲ್ಲ, ಕಡತದಲ್ಲಿ ಹೆಸರೂ ಇಲ್ಲ. ಕಳುವಾದ ಬೈಕಿಗೆ ನಾಳೆ ಹೊಸ ಕಾಗದ ಮಾಡಿಸಿಕೊಳ್ಳುವುದು ಸುಲಭವಾದರೆ ಮೊದಲು ನಷ್ಟವಾಗುವುದು ಇದೇ ಪ್ರಾಮಾಣಿಕ ಮಾಲೀಕರಿಗೆ. ಒಮ್ಮೆ ನೋಂದಣಿಯಾದ ಬೈಕಿನ ಫ್ರೇಮ್ ನಂಬರು ಮಾಲೀಕರ ಹೆಸರಿನೊಂದಿಗೆ ರಾಷ್ಟ್ರೀಯ ದಾಖಲೆಯಲ್ಲಿ ಕೂರುತ್ತದೆ. ರಸ್ತೆಗೆ ಇಳಿಯುವ ಯೋಚನೆಯೇ ಇಲ್ಲದವರಿಗೂ ನೋಂದಣಿಯಿಂದ ಆಗುವ ಲಾಭ ಇದು.

ಟ್ರೇಲರ್ ಇರುವಾಗ ರಸ್ತೆಯ ಹಂಗೇಕೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಖಾಸಗಿ ಜಮೀನಿನಲ್ಲೇ ಮುಗಿಯುವ ಸ್ಪರ್ಧೆಗಷ್ಟೇ ಹೋಗುವವರಿಗೆ ಟ್ರೇಲರ್ ಸಾಕು, ಅವರು ನೋಂದಾಯಿಸಬೇಕೆಂದು ಯಾರೂ ಒತ್ತಾಯಿಸುತ್ತಿಲ್ಲ. ಆದರೆ ಎರಡು ಸೆಕ್ಷನ್ನುಗಳ ನಡುವೆ ಇನ್ನೂರು ಗಜ ಸಾರ್ವಜನಿಕ ರಸ್ತೆಯಿದ್ದರೂ ಅಲ್ಲಿ ಕಾನೂನು ಪೂರ್ತಿಯಾಗಿ ಅನ್ವಯಿಸುತ್ತದೆ. ಸ್ಪರ್ಧೆಗೆ ಅನುಮತಿ ಇದೆ ಎಂದ ಮಾತ್ರಕ್ಕೆ ನೋಂದಣಿ, ವಿಮೆಗಳಿಂದ ಬಿಡುಗಡೆಯಿಲ್ಲ. ವಿಮೆಯಿಲ್ಲದ ಗಾಡಿಯನ್ನು ಪೊಲೀಸರು ಅಲ್ಲೇ ವಶಪಡಿಸಿಕೊಳ್ಳಬಹುದು.

ಗದ್ದಲ, ಹೊಗೆ, ಕಿತ್ತುಹೋಗುವ ಹಾದಿ ಇವುಗಳ ಬಗೆಗಿನ ದೂರು ಹೆಚ್ಚು ಗಂಭೀರವಾದದ್ದು. ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಗ್ರೀನ್ ಲೇನ್ ಎಂದು ಕರೆಯುವ ಹಳೆಯ ಮಣ್ಣುಹಾದಿಗಳಿವೆ. ನಡೆಯುವವರು, ಕುದುರೆ ಸವಾರರು, ಬೈಕಿನವರು ಇವರ ನಡುವೆ ಅವುಗಳ ಮೇಲೆ ದಶಕಗಳ ತಕರಾರಿದೆ. 2006ರ ಕಾಯಿದೆಯೊಂದು ಇಂಥ ಬಹಳಷ್ಟು ಹಾದಿಗಳಲ್ಲಿ ಮೋಟಾರು ವಾಹನದ ಹಕ್ಕನ್ನು ಕೊನೆಗೊಳಿಸಿತು. ಉಳಿದ ಹಾದಿಗಳಲ್ಲಿ ಹೋಗಬಹುದು, ಆದರೆ ಅವು ಕಾನೂನಿನ ಕಣ್ಣಿಗೆ ರಸ್ತೆಗಳೇ ಆದ್ದರಿಂದ ಬೈಕಿಗೆ ನಂಬರು, ವಿಮೆ, ಸವಾರನಿಗೆ ಲೈಸೆನ್ಸ್ ಎಲ್ಲವೂ ಬೇಕು. ಕಾಟ ಕೊಡುವವರನ್ನು ಹಿಡಿಯಲಾಗದೆ ಹಳ್ಳಿಯವರು ಸೋಲುವುದು ಆ ಬೈಕುಗಳಿಗೆ ಗುರುತಿಲ್ಲದಿರುವುದರಿಂದ. ನಂಬರ್ ಪ್ಲೇಟ್ ಹೊತ್ತವನ ಮೇಲೆ ದೂರು ಕೊಡಬಹುದು, ಅವನನ್ನು ಮನೆಯವರೆಗೆ ಹುಡುಕಿಕೊಂಡು ಹೋಗಬಹುದು. ನೋಂದಣಿಯ ಬಾಗಿಲು ಮುಚ್ಚಿದರೆ ಹಳೆಯ ಬೈಕುಗಳು ಕರಗಿ ಮಾಯವಾಗುವುದಿಲ್ಲ, ಗುರುತಿಲ್ಲದೆ ಓಡಾಡುವ ಬೈಕುಗಳ ಸಾಲಿಗೆ ಸೇರುತ್ತವೆ. ಟೂಸ್ಟ್ರೋಕ್ ಹೊಗೆ ಚಂದವೆಂದು ಯಾರೂ ಹೇಳುವುದಿಲ್ಲ, ಆದರೆ ವರ್ಷಕ್ಕೆ ಕೆಲವು ಭಾನುವಾರ ಹೊರಬೀಳುವ ಈ ಬೈಕುಗಳನ್ನು ದಿನವೂ ಓಡುವ ಲಕ್ಷಾಂತರ ವಾಹನಗಳ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ನಮ್ಮ ದೇಶ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕಾರಣಗಳಿಗೆ ಮಾತ್ರ ಅದು ರಸ್ತೆಗೆ ಬರಬಹುದು. ಹಳೆಯ ವಾಹನಕ್ಕೆ ಕಾನೂನಿನಲ್ಲಿ ಒಂದು ಹೆಸರು ಕೊಟ್ಟದ್ದು ಒಳ್ಳೆಯ ಕೆಲಸ, ಅದನ್ನು ಮೆಚ್ಚಲೇಬೇಕು. ಆದರೆ ಇಲ್ಲಿ ಹಳೆಯ ಗಾಡಿ ಎಂದರೆ ನೋಡಲು ಇಟ್ಟ ವಸ್ತು ಎಂಬ ಭಾವನೆ ಇದೆ. ಬ್ರಿಟನ್ನಿನ ಕ್ರಮದಲ್ಲಿ ಅದು ಇನ್ನೂ ದುಡಿಯುವ ಯಂತ್ರ. ಯಂತ್ರವೊಂದು ಚೆನ್ನಾಗಿ ಉಳಿಯುವುದು ಬಳಕೆಯಿಂದ. ಸೀಲುಗಳು ಒಣಗುವುದು, ಟ್ಯಾಂಕಿನೊಳಗೆ ತುಕ್ಕು ಹಿಡಿಯುವುದು, ರಿಪೇರಿ ಮಾಡುವ ಕೈಗಳಿಗೆ ಕೆಲಸ ಮರೆತುಹೋಗುವುದು ಎಲ್ಲವೂ ನಿಂತ ಗಾಡಿಗೆ ಬರುವ ರೋಗಗಳು.

ಹಳೆಯ ಬೈಕೊಂದನ್ನು ರಿಪೇರಿಗೆ ಎತ್ತಿಕೊಳ್ಳುವವರಲ್ಲಿ, ಅದು ಯಾರ್ಕ್‌ಶೈರಿನ ಬುಲ್ಟಾಕೊ ಇರಲಿ, ಶಿವಮೊಗ್ಗದ ಕೊಟ್ಟಿಗೆಯಲ್ಲಿರುವ ಅಜ್ಜನ ಬುಲೆಟ್ ಇರಲಿ, ಒಂದು ವಿನಂತಿ. ಫ್ರೇಮನ್ನು ಸ್ಯಾಂಡ್‌ಬ್ಲಾಸ್ಟಿಗೂ ಪೌಡರ್ ಕೋಟಿಂಗಿಗೂ ಕೊಡುವ ಮೊದಲು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟನ್ನು ಎರಡು ಪ್ರತಿ ತೆಗೆದಿಡಿ, ಇದ್ದ ಸ್ಥಿತಿಯಲ್ಲೇ ನಾಲ್ಕೂ ಬದಿಯಿಂದ ಫೋಟೋ ಹಿಡಿಯಿರಿ, ಟೂಲ್‌ಬಾಕ್ಸಿನಲ್ಲೋ ಹಳೆಯ ಪೆಟ್ಟಿಗೆಯಲ್ಲೋ ಸಿಕ್ಕ ರಸೀದಿ, ತೆರಿಗೆ ಚೀಟಿ, ಲಾಗ್‌ಬುಕ್ಕಿನ ಒಂದು ಹಾಳೆಯನ್ನೂ ಎಸೆಯಬೇಡಿ. ಪಿಸ್ಟನ್ ಹೊಸದಾಗಿ ಮಾಡಿಸಬಹುದು, ಆ ಹಾಳೆಯನ್ನು ಮಾಡಿಸಲಾಗುವುದಿಲ್ಲ.